ಚೇರ ರಾಜ ಕೂತ ದಿಕ್ಕು

ಫೆಬ್ರವರಿಯ ಒಂದು ಶನಿವಾರ ಸಂಜೆ ನಾಲ್ಕು ಗಂಟೆಗೆ ನಾನು ಜೇಬಿನಿಂದ ಫೋನ್ ತೆಗೆದು ದಿಕ್ಸೂಚಿ ನೋಡಿದೆ. ಬೆಂಕಿ ಹೊತ್ತಿಕೊಂಡದ್ದು ಆರು ಗಂಟೆಯ ಮೇಲೆ. ಆದರೆ ಕೆಡಲು ಶುರುವಾದದ್ದು ನಾಲ್ಕಕ್ಕೇ.

ದೇಶದ ರಾಜಧಾನಿಯಲ್ಲಿ, ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕನ್ನಡದವರೂ ತಮಿಳರೂ ಸೇರಿ ವರ್ಷಕ್ಕೊಂದು ನಾಟಕ ಆಡುತ್ತೇವೆ. ನಾಟಕ ಹಿಂದಿಯಲ್ಲಿ, ಜಗಳ ಮೂರು ಭಾಷೆಗಳಲ್ಲಿ. ಈ ಸಲ ಹಳೆಯ ತಮಿಳು ರಾಜನೊಬ್ಬನ ಕಥೆ ಎಂದಾಯಿತು. ನಮ್ಮ ಎದುರುಮನೆಯ ತಮಿಳು ಅಂಕಲ್‌ಗೆ ಕಾವೇರಿಗೆ ಕಲ್ಲಣೆ ಕಟ್ಟಿಸಿದ ಚೋಳನೇ ನಾಯಕನಾಗಬೇಕಿತ್ತು.

"ಅಂಕಲ್, ಕಾವೇರಿಗೆ ಅಣೆ ಕಟ್ಟಿದವನಿಗೆ ನಮ್ಮವರು ಚಪ್ಪಾಳೆ ಹೊಡೀತಾರಾ?" ಎಂದೆ.

ಅವರ ಹೆಂಡತಿಯನ್ನು ನಾವೆಲ್ಲ ಮಾಮಿ ಎನ್ನುತ್ತೇವೆ. ನೆರೆಹೊರೆಯಿಂದಲೇ ಕನ್ನಡ ಕಲಿತವರು. "ಹಾಗಾದ್ರೆ ಅವನ ಕೈಲಿ ಸೋತವನನ್ನ ಇಟ್ಕೊಳ್ಳಿ," ಎಂದರು. "ಸೋತವನ ಮೇಲೆ ಯಾರೂ ಕೇಸ್ ಹಾಕಲ್ಲ."

ಸೋತವನು ಒಬ್ಬ ಚೇರ ರಾಜ. ಅವನು ಎಷ್ಟು ಕಾಲ ಆಳಿದ, ಹೇಗೆ ಆಳಿದ ಎಂಬುದರ ಬಗ್ಗೆ ನನ್ನ ಓದಿಗೆ ಹೆಚ್ಚೇನೂ ದಕ್ಕಲಿಲ್ಲ. ಜನ ನೆನಪಿಟ್ಟಿರುವುದು ಅವನ ಸಾವನ್ನು. ಯುದ್ಧದಲ್ಲಿ ಚೋಳನ ಈಟಿ ಅವನ ಎದೆ ಹೊಕ್ಕು ಬೆನ್ನಿನಲ್ಲಿ ಹೊರಬಂತಂತೆ. ಬೆನ್ನಿನ ಗಾಯ ಓಡಿಹೋದವನ ಗುರುತು. ಅವನು ಓಡಿರಲಿಲ್ಲ, ಎದುರು ನಿಂತೇ ಪೆಟ್ಟು ತಿಂದಿದ್ದ. ಆದರೂ ಬೆನ್ನಿನಲ್ಲೊಂದು ಗಾಯವಾಯಿತಲ್ಲ ಎಂಬ ನಾಚಿಕೆಗೆ ಕತ್ತಿ ಹಿಡಿದು, ಉತ್ತರಕ್ಕೆ ಮುಖ ಮಾಡಿ ಕೂತು, ಅನ್ನ ನೀರು ಬಿಟ್ಟು ಸತ್ತ. ಸಲ್ಲೇಖನದ ಶಾಸನಗಳ ನಾಡಿನಿಂದ ಬಂದ ನನಗೆ ಈ ಸಾವು ಪರಕೀಯ ಅನ್ನಿಸಲಿಲ್ಲ. ರಾಜನ ಪಾತ್ರವನ್ನೂ ನಿರ್ದೇಶನವನ್ನೂ ನಾನೇ ವಹಿಸಿಕೊಂಡೆ.

ಸಮುದಾಯ ಭವನದ ವೇದಿಕೆ ಪಶ್ಚಿಮದ ಗೋಡೆಗಿದೆ. ಅಲ್ಲಿ ಜನರ ಎದುರು ಕೂತರೆ ರಾಜ ಪೂರ್ವಕ್ಕೆ ಸಾಯುತ್ತಾನೆ. ನಾನು ಫೋನಿನ ದಿಕ್ಸೂಚಿ ತೋರಿಸಿ, ಶಾಮಿಯಾನ ಹಾಕುವ ಟೆಂಟ್ ಭಯ್ಯಾನಿಂದ ದಕ್ಷಿಣದ ಗೋಡೆಗೆ ಹೊಸದಾಗಿ ಹಲಗೆ ಹಾಕಿಸಿದೆ. ಆ ಗೋಡೆಯಲ್ಲಿ ಹಿಂಬಾಗಿಲಿತ್ತು, ಒಳಕ್ಕೆ ತೆರೆಯುವಂಥದ್ದು. ಹಲಗೆಯ ತುದಿ ಅದಕ್ಕೆ ಒತ್ತಿಕೊಂಡಿತು.

"ಉತ್ತರ ಯಾವ ಕಡೆ ಅಂತ ನೋಡೋರು ಯಾರಪ್ಪ ಕೇಳ್ತಾರೆ?" ಎಂದರು ಅಂಕಲ್.

"ಗೊತ್ತಿರೋರು ಒಬ್ಬರು ಬಂದ್ರೂ ಮರ್ಯಾದೆ ಹೋಗತ್ತೆ."

"ಈ ಬಾಗಿಲು?" ಮಾಮಿ ಕೇಳಿದರು.

"ಮುಂದಿನದ್ದು ಇದೆಯಲ್ಲ ಮಾಮಿ."

"ಅಚ್ಛಾ," ಎಂದರು ಅವರು.

ಹಲಗೆಯ ಮೇಲೆ, ಹಿಂಭಾಗಕ್ಕೆ, ಒಂದು ಬಟ್ಟೆಯ ಪರದೆ ಕಟ್ಟಿದೆವು. ಪರದೆಗೂ ಗೋಡೆಗೂ ನಡುವಿನ ಸಂದಿನಲ್ಲಿ ಕೂತು ಮಾಮಿ ಎಲ್ಲರಿಗೂ ಬಣ್ಣ ಹಚ್ಚುತ್ತಿದ್ದರು. ಸಂದಿನ ಒಂದು ತುದಿಯನ್ನು ಬಿಗಿದಿದ್ದೆವು. ಇನ್ನೊಂದು ತುದಿಯೇ ದಾರಿ, ಅಲ್ಲೇ ದೊಡ್ಡ ಹ್ಯಾಲೊಜೆನ್ ದೀಪವನ್ನೂ ನಿಲ್ಲಿಸಿದ್ದರು.

ಕೊನೆಯ ದೃಶ್ಯದ ಅಭ್ಯಾಸ ನಡೆದಿತ್ತು. ನಾನು ಕತ್ತಿ ಹಿಡಿದು ಉತ್ತರಕ್ಕೆ ಕಣ್ಣು ನೆಟ್ಟು ಕೂತಿದ್ದೆ. ಚೋಳನ ಕಿರೀಟ ಹಾಕಿಕೊಂಡ ಅಂಕಲ್ ನನ್ನ ಮುಂದೆ ತಲೆ ಬಾಗಿಸಬೇಕಿತ್ತು. ಬೆನ್ನಿಗೆ ಬಿಸಿ ತಾಗಿತು. ದೀಪದ ಕಾವು ಅಂದುಕೊಂಡೆ. ಸುಟ್ಟ ಬಟ್ಟೆಯ ಚೂರೊಂದು ಬೆನ್ನಿನ ಮೇಲೆ ಬಿದ್ದಾಗ ತಿರುಗಿ ನೋಡಿದೆ. ಪರದೆ ದೀಪದ ಕಡೆಯಿಂದ ಉರಿಯುತ್ತಿತ್ತು.

ನಾನು ಓಡಿದೆ. ಎಲ್ಲರೂ ಓಡಿದರು. ಆದರೆ ಮೊದಲು ಮುಂಬಾಗಿಲು ಮುಟ್ಟಿದವನು ನಾನು. ಹೊರಗೆ ಬೇವಿನ ಮರದ ಕೆಳಗೆ ನಿಂತಾಗ ಹಿಂಬಾಗಿಲನ್ನು ಒಳಗಿನಿಂದ ಎಳೆದಾಡುವ ಸದ್ದು ಕೇಳಿತು. ಚಿಲಕ ಗಡಗಡ ಅಂದಿತು, ನಿಂತಿತು, ಮತ್ತೆ ಗಡಗಡ ಅಂದಿತು. ಅದು ತೆರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಂತೇ ಇದ್ದೆ, ಕೈಯಲ್ಲಿ ಮರದ ಕತ್ತಿ.

ಅಂಕಲ್ ಒಳಗೇ ಉಳಿದು ಪರದೆಯನ್ನು ಕಿತ್ತೆಳೆದು, ತುಳಿದು, ಮಾಮಿಯನ್ನು ಹೊರಗೆ ತಂದರು. ಉರಿಯುವ ಬಟ್ಟೆ ತಳ್ಳಿ ಮಾಮಿಯ ಎರಡೂ ಅಂಗೈ ಬೆಂದಿದ್ದವು.

ನನಗಾದದ್ದು ಬೆನ್ನಿನ ಮೇಲೊಂದು ಬೊಬ್ಬೆ. ಮುಲಾಮು ಹಚ್ಚುತ್ತ ಹೆಂಡತಿ, "ಇಷ್ಟೇ ಇಷ್ಟು. ಪುಣ್ಯ," ಎಂದಳು. ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ. ಆ ರಾಜನಿಗಾದರೂ ಎದೆಯಲ್ಲೊಂದು ಗಾಯವಿತ್ತು.

ಕಾಲೋನಿಯಲ್ಲಿ ಎಲ್ಲರಿಗೂ ವಿಷಯ ಗೊತ್ತು. ಯಾರೂ ಅದನ್ನು ಎತ್ತಲಿಲ್ಲ. "ಬೆಂಕಿ ಯಾರ ಕೈಲಿದೆ ಸಾರ್," ಎಂದರು. "ನಿಮಗೂ ಏಟಾಯ್ತಂತೆ, ಪಾಪ," ಎಂದರು. ಆ ಒಳ್ಳೆಯ ಮಾತುಗಳಿಂದ ತಪ್ಪಿಸಿಕೊಳ್ಳಲು ಬೇಗ ಆಫೀಸಿಗೆ ಹೋಗಿ ತಡವಾಗಿ ಬರತೊಡಗಿದೆ. ಎದುರುಮನೆಯ ಬಾಗಿಲು ತೆರೆದಿದ್ದರೆ ಕೆಳಗಿನ ಮೆಟ್ಟಿಲಲ್ಲೇ ಕಾಯುತ್ತಿದ್ದೆ. ರಾತ್ರಿ ಊಟ ಸೇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಚಿಲಕ ಅಲುಗಾಡುತ್ತಿತ್ತು.

ಹೋಳಿಯ ದಿನ ಕೆಳಗೆ ಬಣ್ಣದ ಗದ್ದಲ. ಹಿಂದೆಯೇ ಮೇಲೆ ಬರುತ್ತಿದ್ದ ಪಡ್ಡೆ ಹುಡುಗರಿಂದ ತಪ್ಪಿಸಿಕೊಳ್ಳಲು ಮೆಟ್ಟಿಲೇರಿ ಓಡುತ್ತಿದ್ದೆ. ಎದುರುಮನೆಯ ಬಾಗಿಲಲ್ಲಿ ಮಾಮಿ ನಿಂತಿದ್ದರು, ಎರಡು ಕೈಗೂ ಬ್ಯಾಂಡೇಜು.

"ಒಳಗೆ ಬಾ. ಸಾಂಬಾರ್ ಈರುಳ್ಳಿ ಸುಲಿಬೇಕು. ನಿನ್ನ ಅಂಕಲ್ ಸುಲಿದ್ರೆ ಅರ್ಧ ಕಸಕ್ಕೆ ಹೋಗತ್ತೆ."

ಅಡುಗೆಮನೆಯ ನೆಲದಲ್ಲಿ ಕೂತು ಸುಲಿದೆ. ಅವರು ಮಣೆಯ ಮೇಲೆ ಕೂತು ನೋಡುತ್ತಿದ್ದರು.

"ಬಾಗಿಲು ಮುಚ್ಚಿಸಿದ್ದು ನೀನು," ಎಂದರು.

"ಹೌದು ಮಾಮಿ."

"ನಾನು ಕೇಳಿದೆ. ನೀನು ಕೇಳಿಸ್ಕೊಳ್ಳಲಿಲ್ಲ. ಆ ಸಂದಿಯಲ್ಲಿ ನಿನಗೆ ಎಷ್ಟು ಬೈದೆ ಗೊತ್ತಾ? ತಮಿಳಲ್ಲಿ. ನಿನಗೆ ಅರ್ಥ ಆಗೋದಿಲ್ಲ, ಬಿಡು."

ನಾನು ಇನ್ನೊಂದು ಈರುಳ್ಳಿ ಕೈಗೆತ್ತಿಕೊಂಡೆ.

"ಓಡಿದ್ದು ಬೇರೆ. ಬೆಂಕಿ ಬಿದ್ರೆ ಎಲ್ಲರೂ ಓಡ್ತಾರೆ. ಇವರೂ ಮೊದಲು ನಾಲ್ಕು ಹೆಜ್ಜೆ ಓಡಿದ್ರಂತೆ, ಆಮೇಲೆ ನೆನಪಾಯ್ತಂತೆ ಹೆಂಡ್ತಿ ಅಂತ ಒಬ್ಬಳು ಇದಾಳೆ ಅಂತ. ಬಾಗಿಲು ಮುಚ್ಚಿಸಿದ್ದು ಮಾತ್ರ ನಿನ್ನ ತಪ್ಪು. ಎರಡನ್ನೂ ಕಲಸಿ ಉಪವಾಸ ಕೂರಬೇಡ. ನಿನ್ನ ಹೆಂಡ್ತಿ ಬಂದು ಅತ್ತಳು."

"ಕ್ಷಮಿಸಿ" ಎಂದು ಹೇಳಲು ಬಾಯಿ ತೆರೆದೆ. ಅವರು ಬ್ಯಾಂಡೇಜಿನ ಕೈಯಿಂದ ಬುಟ್ಟಿಯನ್ನು ನನ್ನ ಕಡೆ ನೂಕಿದರು. ಇನ್ನೂ ಅರ್ಧ ಬಾಕಿ ಇತ್ತು.

ಅಲ್ಲೇ ಉಂಡೆ. ಉಪ್ಪು ಕಡಿಮೆಯಾಗಿತ್ತು. ಅಂಕಲ್ ಮಾಡಿದ ಸಾಂಬಾರು. ಅವರು ಎರಡನೇ ಸಲ ಬಡಿಸಿದಾಗ ಬೇಡವೆನ್ನಲಿಲ್ಲ.

ಆ ರಾತ್ರಿ ಮಲಗಿದ್ದು ಗೊತ್ತು. ಎಚ್ಚರವಾದಾಗ ಹಾಸಿಗೆಯ ಮೇಲೆ ಬಿಸಿಲು, ಹೆಂಡತಿ ಆಫೀಸಿಗೆ ಹೋಗಿಯಾಗಿತ್ತು. ನಾಚಿಕೆ ಹೋಗಿರಲಿಲ್ಲ. ಮುಖ ತೊಳೆದು, ಆಫೀಸಿಗೆ ರಜೆ ಹೇಳಿ, ಅಂಗಿ ಹಾಕಿಕೊಂಡು, ಮಾಮಿಗೆ ತರಕಾರಿ ಹೆಚ್ಚಿಕೊಡಲು ಎದುರುಮನೆಗೆ ಹೋದೆ.