ಆದಿತ್ಯವಾರ ಬೇಡಿದ ಪ್ರಸಂಗ

ನಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ ಲೆಕ್ಕಕ್ಕೆ ಬರುತ್ತಿದ್ದದ್ದು ಎರಡೇ ದಿನ, ಶನಿವಾರ ಮತ್ತು ಆದಿತ್ಯವಾರ. ಮಿಕ್ಕ ದಿನಗಳಲ್ಲಿ ನಾವು ಪಾಠ ಕೇಳುವವರಂತೆ ಮುಖ ಮಾಡಿಕೊಂಡು ಈ ಎರಡನ್ನು ಕಾಯುತ್ತಿದ್ದೆವು. ಮಂಗಳೂರಿನ ಒಂದು ಗುಡ್ಡದ ಮೇಲೆ ಹಂಚಿನ ಕಟ್ಟಡ, ಒಂದು ಬಾವಿ, ಒಂದು ಅಡುಗೆಮನೆ, ಅದರ ಸುತ್ತ ಸದಾ ಹಸಿದಿರುವ ನಾವು. ಇದು ಮೂವತ್ತರ ದಶಕದ ಮಾತು.

ಶನಿವಾರ ಮಧ್ಯಾಹ್ನ ‘ಸೋಶಿಯಲ್’ ಎಂಬುದೊಂದು ನಡೆಯುತ್ತಿತ್ತು. ಒಂದು ವಾರ ಇಂಗ್ಲಿಷಿನಲ್ಲಿ ಚರ್ಚೆ, ಒಂದು ವಾರ ಹಾರ್ಮೋನಿಯಂ, ಯಾರೂ ಸಿಗದ ವಾರ ಯಾರಾದರೊಬ್ಬ ದೊಡ್ಡವರಿಂದ ಉಪದೇಶ. ಆದಿತ್ಯವಾರ ಮಾತ್ರ ಪೂರಾ ನಮ್ಮದು. ಬೆಳಗಿನ ಕಾಫಿ ಮುಗಿದರೆ ದೀಪ ಹಚ್ಚುವವರೆಗೆ ಯಾರೂ ಕೇಳುವವರಿಲ್ಲ. ಕೆಲವರು ಕಡಲಿಗೆ, ಕೆಲವರು ಮೈದಾನಕ್ಕೆ ಫುಟ್‌ಬಾಲ್ ನೋಡಲಿಕ್ಕೆ. ನಾನು ಕಡಲಿನಲ್ಲಿ ಮಿಂದು ಹೋಟೆಲಿನಲ್ಲಿ ಗೋಳಿಬಜೆ ತಿಂದು ಬರುವವ. ನನ್ನ ಕೋಣೆಯ ಜತೆಗಾರ ದೋಣಿಯಲ್ಲಿ ನೇತ್ರಾವತಿ ಹೊಳೆ ದಾಟಿ ತೊಕ್ಕೊಟ್ಟಿನ ಆಚೆಯ ತನ್ನ ಮನೆಗೆ ಹೋಗಿ, ಅಜ್ಜಿ ಮಾಡಿದ ಮೀನುಸಾರು ಉಂಡು ಬರುವವ.

ಅವನದು ಗದ್ದೆಯ ಮನೆತನ. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದವನು ಅವನೇ ಮೊದಲು. ಲೆಕ್ಕದಲ್ಲಿ ನಮ್ಮೆಲ್ಲರಿಗೂ ನೀರು ಕುಡಿಸುತ್ತಿದ್ದ. ಆದರೆ ನಮ್ಮ ಹಾಸ್ಟೆಲಿನ ಅಡುಗೆ ಶುದ್ಧ ಸಸ್ಯಾಹಾರ. ನನಗೆ ಅದು ಹುಟ್ಟಿನಿಂದ ಬಂದದ್ದು, ತೊಂದರೆಯಿಲ್ಲ. ಅವನಿಗೋ ಸೌತೆಕಾಯಿ ಹುಳಿ ಎದುರು ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕೊನೆಗೆ ಒಂದು ಸಲ ಒಣಸಿಗಡಿಯ ಚಟ್ನಿಯನ್ನು ಬಾಟಲಿಯಲ್ಲಿ ತುಂಬಿಸಿ ತಂದು ಪೆಟ್ಟಿಗೆಯೊಳಗೆ ಇಟ್ಟ. ಅವನು ಬಾಟಲಿಯನ್ನು ಅಡಗಿಸಿದ, ಪರಿಮಳವನ್ನು ಅಡಗಿಸುವುದು ಅವನಿಂದಾಗಲಿಲ್ಲ.

ವಾರ್ಡನ್ ಅರ್ಚಕರ ಮನೆತನದವರು, ಕಾಲೇಜಿನಲ್ಲಿ ಇತಿಹಾಸ ಹೇಳುವವರು. ಹೊಡೆಯಲಿಲ್ಲ, ಬೈಯಲಿಲ್ಲ. ಮೂಗಿಗೆ ಶಾಲು ಹಿಡಿದುಕೊಂಡೇ ತೀರ್ಪು ಕೊಟ್ಟರು: “ಪರೀಕ್ಷೆಯವರೆಗೆ ಆದಿತ್ಯವಾರ ನೀನು ಗೇಟು ದಾಟುವ ಹಾಗಿಲ್ಲ.”

ಆ ಸಂಜೆ ಅವನು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ.

“ನಾನು ಊರಿಗೆ ಹೋಗ್ತೇನೆ ಮಾರಾಯ. ಗದ್ದೆ ಉಂಟು, ಅಜ್ಜಿ ಇದ್ದಾರೆ. ಆದಿತ್ಯವಾರವೂ ಇಲ್ಲದಿದ್ದರೆ ನಾನಿಲ್ಲಿ ಎಂತ ಮಾಡುವುದು?”

ಅವನು ಆಡಿದಂತೆ ಮಾಡುವವ. ಅವನನ್ನು ಬಿಟ್ಟರೆ ನನಗೆ ಅಲ್ಲಿ ಸ್ನೇಹಿತರಿರಲಿಲ್ಲ. ಹೇಗಾದರೂ ಅವನನ್ನು ಉಳಿಸಿಕೊಳ್ಳಬೇಕೆಂದು ನನಗೆ ಹಟ ಹಿಡಿಯಿತು.

ವಾರ್ಡನರಿಗೆ ಒಂದು ದೌರ್ಬಲ್ಯವಿತ್ತು, ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುವುದು, ಪಾತ್ರದವರು ಪಂಚೆ ಉಟ್ಟು ಎದುರುಬದುರು ಕೂತು ಆಗಲೇ ಹುಟ್ಟಿಸಿಕೊಂಡ ಮಾತಿನಲ್ಲಿ ವಾದ ಮಾಡುವುದು. ಕೂತ ಮೇಲೆ ಪಾತ್ರ ಬಿಟ್ಟು ಮಾತಾಡಿದವನು ಸೋತ ಹಾಗೆ. ವಾರ್ಡನ್ ಒಮ್ಮೆಯೂ ಪಾತ್ರ ಬಿಟ್ಟವರಲ್ಲ. ಕೂಟದಲ್ಲಿ ಆಡಿದ ಮಾತನ್ನು ಹೊರಗೆ ಬಂದು ತಿನ್ನುವವರೂ ಅಲ್ಲ ಎಂದು ಊರೆಲ್ಲ ಹೆಸರಾಗಿದ್ದರು.

ನಾನು ಅವರ ಬಳಿ ಹೋಗಿ, “ಸಾರ್, ಈ ಶನಿವಾರದ ಸೋಶಿಯಲ್‌ಗೆ ತಾಳಮದ್ದಳೆ ಆದೀತಾ? ದಾನಿ ರಾಜನ ಪಾತ್ರ ನೀವೇ ಮಾಡಬೇಕು, ಬೇರೆ ಯಾರಿಗೂ ಒಪ್ಪುವುದಿಲ್ಲ” ಎಂದೆ. ಅವರು ಬೇಡ ಬೇಡವೆನ್ನುತ್ತಲೇ ಒಪ್ಪಿಕೊಂಡರು.

ಯಾರ ಹೆಸರನ್ನೂ ಹೇಳುವುದಿಲ್ಲವೆಂದು ಹೊರಟವನು ನಾನು. ಪುರಾಣದವರಿಗೂ ಅದೇ ಮರ್ಯಾದೆ ಇರಲಿ. ಹುಟ್ಟುವಾಗಲೇ ಮೈಮೇಲೆ ಕವಚ ಇದ್ದವ, ಕೇಳಿದವರಿಗೆ ಇಲ್ಲವೆನ್ನದವ ಆ ರಾಜ. ಬಡ ಬ್ರಾಹ್ಮಣನ ವೇಷದಲ್ಲಿ ಬಂದು ಆ ಕವಚವನ್ನು ಬೇಡುವವನು ದೇವತೆಗಳ ಒಡೆಯ. ಬೇಡುವ ಪಾತ್ರವನ್ನು ನಾನೇ ಇಟ್ಟುಕೊಂಡೆ. ಇಲ್ಲವೆನ್ನಲಾಗದ ಜಾಗದಲ್ಲಿ ವಾರ್ಡನರನ್ನು ಕೂರಿಸಿ ಬೇಕಾದ್ದನ್ನು ಬೇಡುವುದು, ಇದು ನನ್ನ ಹುನ್ನಾರ. ಜತೆಗಾರನಿಗೆ ಹೇಳಿದಾಗ ಅವನು ಗೋಡೆಯಿಂದ ಮುಖ ತಿರುಗಿಸಿ ಮೊದಲ ಸಲ ನಕ್ಕ.

ಶನಿವಾರ ಸಭೆ ತುಂಬಿತ್ತು. ಅಧ್ಯಾಪಕರು, ಅವರ ಮನೆಯವರು, ಪೇಟೆಯ ಹಿರಿಯರು. ಭಾಗವತರ ಪದ ಮುಗಿಯಿತು. ವಾರ್ಡನ್ ಶಾಲು ಸರಿಪಡಿಸಿಕೊಂಡು, “ಬೇಡು ವಿಪ್ರೋತ್ತಮಾ! ಈ ಬಾಗಿಲಿನಿಂದ ಬರಿಗೈಯಲ್ಲಿ ಹೋದವರಿಲ್ಲ” ಎಂದು ಗುಡುಗಿದರು.

ನಾನು ಕೈಮುಗಿದೆ. “ಮಹಾರಾಜಾ, ಕವಚ ಆಮೇಲೆ ನೋಡುವ. ನಿನ್ನ ಕೋಟೆಯೊಳಗೆ ಒಬ್ಬ ಸೆರೆಯಾಳಿದ್ದಾನೆ. ಅವನ ಆದಿತ್ಯವಾರಗಳನ್ನು ನನಗೆ ದಾನ ಕೊಡು.”

ಹಿಂದಿನ ಸಾಲಿನಿಂದ ನಗು ಎದ್ದಿತು. ವಾರ್ಡನರ ಹುಬ್ಬು ಮೇಲೇರಿತು. ಆದರೆ ಅವರು ಪಾತ್ರ ಬಿಡಲಿಲ್ಲ.

“ಆ ಸೆರೆಯಾಳು ಭಗವಂತನ ಮೊದಲ ಅವತಾರವನ್ನೇ ಅರೆದು ಬಾಟಲಿಯಲ್ಲಿ ತುಂಬಿಸಿದವನು. ಬಲ್ಲೆಯಾ?”

“ಬಲ್ಲೆ ಪ್ರಭೂ. ಆದರೆ ಅವತಾರವೆತ್ತಿದ್ದು ಮೀನು. ಬಾಟಲಿಯಲ್ಲಿದ್ದದ್ದು ಸಿಗಡಿ. ಸಿಗಡಿಯನ್ನು ಯಾವ ಪುರಾಣದಲ್ಲೂ ಅವತಾರವೆಂದು ಹೇಳಿಲ್ಲ.”

ಸಭೆ ಹೋ ಎಂದು ನಕ್ಕಿತು. ಪ್ರಿನ್ಸಿಪಾಲರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ವಾರ್ಡನ್ ನನ್ನನ್ನು ದಿಟ್ಟಿಸಿ ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ, ಸರಿಯಾದ ಎದುರಾಳಿ ಸಿಕ್ಕಿದ ಖುಷಿಯಿತ್ತೋ ನನಗೆ ತಿಳಿಯಲಿಲ್ಲ. ಮತ್ತೆ ಎಡಗೈಯನ್ನು ನೆಲಕ್ಕೂರಿ, ಬಲಗೈ ಚಾಚಿ, “ಕೊಟ್ಟೆ!” ಎಂದರು.

ಚಪ್ಪಾಳೆಯೋ ಚಪ್ಪಾಳೆ. ಬಾಗಿಲ ಬಳಿ ನಿಂತಿದ್ದ ನನ್ನ ಜತೆಗಾರ ಅಲ್ಲೇ ಕಂಬವನ್ನು ತಬ್ಬಿಕೊಂಡ. ನಾನು ಉಬ್ಬಿಹೋದೆ. ಭಾಗವತರು ಮಂಗಳ ಹಾಡಲು ತಾಳ ಎತ್ತಿದರು.

“ನಿಲ್ಲಿ ಭಾಗವತರೇ,” ಎಂದರು ವಾರ್ಡನ್. “ಪ್ರಸಂಗ ಇನ್ನೂ ಮುಗಿಯಲಿಲ್ಲ.”

ಆಗ ನನಗೆ ನೆನಪಾಯಿತು. ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ ಕಥೆ. ಬೇಡುವ ಅರ್ಧವನ್ನು ಗಟ್ಟಿ ಮಾಡುವ ಅವಸರದಲ್ಲಿ ಮಿಕ್ಕ ಅರ್ಧವನ್ನು ನಾನು ಮರೆತೇಬಿಟ್ಟಿದ್ದೆ. ಕವಚ ಕೊಟ್ಟ ಮೇಲೆ ರಾಜ ಸುಮ್ಮನೆ ಕೂರುವುದಿಲ್ಲ. ದೇವರ ಗುಟ್ಟು ಬಿಡಿಸಿ, ಪ್ರತಿಯಾಗಿ ದೇವರ ಆಯುಧವನ್ನೇ ಕೇಳುತ್ತಾನೆ. ದೇವರು ಕೊಡಲೇಬೇಕು.

“ದೇವಾ, ವೇಷ ಸಾಕು. ನೀನು ಯಾರೆಂದು ಬಲ್ಲೆ,” ಎಂದು ವಾರ್ಡನ್ ಸಕ್ಕರೆಯಂಥ ದನಿಯಲ್ಲಿ ಶುರುಮಾಡಿದರು. “ನಿನ್ನ ಗೆಳೆಯನಿಗಾಗಿ ನನ್ನ ಮೈಯ ಕವಚ ಸುಲಿದು ಕೊಟ್ಟೆ. ನನಗೆ ನಿನ್ನ ಆಯುಧ ಬೇಡ. ನಿನ್ನ ಆದಿತ್ಯವಾರಗಳನ್ನು ಕೊಡು. ಪರೀಕ್ಷೆಯವರೆಗೆ ಪ್ರತಿ ಆದಿತ್ಯವಾರ ನೀನು ನನ್ನ ಜಗಲಿಯಲ್ಲಿ ಕೂತು ತಾಳಮದ್ದಳೆಯ ಅಭ್ಯಾಸ ಮಾಡತಕ್ಕದ್ದು.”

ಕಡಲು, ಗೋಳಿಬಜೆ ಎಲ್ಲ ಕಣ್ಣ ಮುಂದೆ ಹಾದುಹೋಯಿತು. ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು. ದೇವತೆಗಳ ಒಡೆಯ ಬೆಬ್ಬೆಬ್ಬೆ ಎಂದು ಕೊನೆಗೆ, “ಕೊಟ್ಟೆ” ಎಂದ. ನನ್ನದಕ್ಕೆ ಬಿದ್ದ ಚಪ್ಪಾಳೆ ಅವರದ್ದಕ್ಕಿಂತ ಜೋರಾಗಿತ್ತು.

ಅಂದಿನಿಂದ ಪ್ರತಿ ಆದಿತ್ಯವಾರ ಅವನು ಕೊಡೆ ಬೀಸುತ್ತ ಗುಡ್ಡ ಇಳಿಯುವುದು, ನಾನು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸೋಲುವುದು. ವಾರ್ಡನ್ ನನ್ನನ್ನು ರಾಕ್ಷಸನಾಗಿ ಮಾಡಿ ಸೋಲಿಸಿದರು, ಋಷಿಯಾಗಿ ಮಾಡಿ ಸೋಲಿಸಿದರು. ಒಂದು ಸಲ ನಡುವೆ ನಿಲ್ಲಿಸಿ, ಅತ್ತಿತ್ತ ನೋಡಿ, “ಆ ಹುಡುಗ ಅಲ್ಲಿ ದಿನಾ ಅದನ್ನೇ ತಿಂದು ಬೆಳೆದದ್ದಾ? ಬೂತಾಯಿ ಮೀನಿನ ರುಚಿ ಎಂತದು?” ಎಂದು ಕೇಳಿದರು. ಬೂತಾಯಿ ತಿಂದಿರದ ನಾನು ತಿಂದವನಂತೆ ವಿವರಿಸಿದೆ, ಅವರು ತಲೆದೂಗಿದರು.

ಪರೀಕ್ಷೆ ಹತ್ತಿರವಾದ ಒಂದು ಆದಿತ್ಯವಾರ ಸೋತು ಸುಣ್ಣವಾಗಿ ಕೋಣೆಗೆ ಬಂದೆ. ಸಂಜೆ ಅವನು ಬಂದ. ಬೂತಾಯಿ ಸಾರು, ಅಜ್ಜಿಯ ಕೈರುಚಿ ಎಂದು ಶುರುಮಾಡಿದ. ನನಗೆ ಸಿಟ್ಟು ನೆತ್ತಿಗೇರಿತು.

“ನೀನು ಉಂಡು ಬಂದದ್ದು ನನ್ನ ಆದಿತ್ಯವಾರ, ಗೊತ್ತುಂಟಾ?”

ಅವನು ಅಂಗಿ ಬಿಚ್ಚುತ್ತಿದ್ದವನು ನಿಲ್ಲಿಸಿದ.

“ಗೊತ್ತುಂಟು. ಪ್ರತಿ ಸಲ ದೋಣಿಯ ಹತ್ತಿರ ಬಂದು ನಿಂತಾಗ ವಾಪಸು ಹೋಗುವುದೇ ಬೇಡ ಅಂತ ಕಾಣ್ತದೆ. ಅಜ್ಜಿಯೂ ಇಲ್ಲೇ ಇರು ಅಂತಾರೆ. ಆಗ ನೀನು ಆ ಜಗಲಿಯಲ್ಲಿ ಕೂತದ್ದು ನೆನಪಾಗ್ತದೆ. ಅದಕ್ಕೇ ದೋಣಿ ಹತ್ತುವುದು ಮಾರಾಯ, ಇಲ್ಲದಿದ್ದರೆ ಎಂದೋ ಕಾಲೇಜು ಬಿಟ್ಟಾಗ್ತಿತ್ತು.”

ಮುಂದಿನ ಆದಿತ್ಯವಾರ ನಾನು ಅವನಿಗಿಂತ ಮೊದಲೇ ಎದ್ದು, ಅವನ ಹೊದಿಕೆ ಎಳೆದು, ಮೊದಲ ದೋಣಿ ತಪ್ಪುತ್ತದೆಂದು ಬೈದು ಹೊರಗೆ ದಬ್ಬಿದೆ.