ಹಳದಿ-ಕೆಂಪು ಮಫ್ಲರ್

ದೆವ್ವ, ಭೂತ, ಗಾಳಿ ಸೋಕುವುದು ಎಲ್ಲ ಕೆಲಸವಿಲ್ಲದವರ ಮಾತು ಎಂದು ವಾದಕ್ಕಿಳಿಯುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಇಲ್ಲಿ ಜರ್ಮನಿಯಲ್ಲಿ ನಮ್ಮ ಆಫೀಸಿನ ಹಿರಿಯ ಫುಟ್‌ಬಾಲ್ ಅಭಿಮಾನಿಗಳು ಊಟದ ಹೊತ್ತಿನಲ್ಲಿ ತಮ್ಮ ಕಾಲದ ಹೊಡೆದಾಟ, ಮುರಿದ ಹಲ್ಲು, ಪುಡಿಯಾದ ರೈಲಿನ ಗಾಜುಗಳನ್ನು ಮದುವೆ ಮನೆಯ ಸುದ್ದಿಯಂತೆ ನೆನೆದು ನಗುವಾಗ ನಾನೊಬ್ಬ ಸುಮ್ಮನೆ ತಟ್ಟೆ ನೋಡುತ್ತ ಕೂರುತ್ತೇನೆ. ನನಗೂ ಅಂಥದೊಂದು ನೆನಪಿದೆ. ಅವರಿಗೆ ಇದುವರೆಗೂ ಹೇಳಿಲ್ಲ.

ಅಮೆರಿಕದಂತೆ ಜರ್ಮನಿಯೂ ಗ್ರೀನ್ ಕಾರ್ಡ್ ಕೊಟ್ಟು ನಮ್ಮಂಥವರನ್ನು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ನಾನು ಮೈಸೂರಿನವನು, ರೂಮ್‌ಮೇಟ್ ರಘು ದಾವಣಗೆರೆಯವನು. ಹೈಡೆಲ್‌ಬರ್ಗ್‌ನಲ್ಲಿ ಇಬ್ಬರಿಗೂ ಒಂದೇ ಕಂಪನಿ, ಒಂದೇ ಕುಕ್ಕರ್. ಆ ಸಲ ಮ್ಯೂನಿಕ್‌ನ ಕನ್ನಡಿಗರು ರಾಜ್ಯೋತ್ಸವಕ್ಕೆ ಕರೆದಿದ್ದರು. ಅದಕ್ಕೆಂದೇ ನಾನು ಫ್ಲೋಮಾರ್ಕ್ಟ್‌ನಲ್ಲಿ, ಅಂದರೆ ಹಳೆ ಸಾಮಾನಿನ ಸಂತೆಯಲ್ಲಿ, ಒಬ್ಬ ಮುದುಕಿಯಿಂದ ಉಣ್ಣೆಯ ಮಫ್ಲರ್ ಕೊಂಡೆ. ಕೈಯಲ್ಲಿ ಹೆಣೆದದ್ದು, ಮೇಲೆ ಹಳದಿ, ಕೆಳಗೆ ಕೆಂಪು. ಥೇಟ್ ನಮ್ಮ ಬಾವುಟ! ಮುದುಕಿ ಅದನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿ ಕೊಟ್ಟಳು.

"ಏನ್ ಗುರು, ಬಸ್‌ಸ್ಟ್ಯಾಂಡಲ್ಲಿ ಭಾಷಣ ಮಾಡೋಕ್ ಹೊಂಟಂಗೈತಲ್ಲ" ಎಂದು ರಘು ದಾರಿಯುದ್ದಕ್ಕೂ ಕಾಲೆಳೆದ.

ವಾರಾಂತ್ಯದ ಅಗ್ಗದ ಟಿಕೆಟ್ ನಿಧಾನದ ರೈಲುಗಳಲ್ಲಿ ಮಾತ್ರ ನಡೆಯುತ್ತಿತ್ತು. ಫುಟ್‌ಬಾಲ್ ಮ್ಯಾಚ್ ನೋಡಿ ಬರುವವರೂ ಅದೇ ಟಿಕೆಟ್ ಹಿಡಿದು ಅದೇ ರೈಲು ಹತ್ತುತ್ತಾರೆಂದು ನಮಗೇನು ಗೊತ್ತು? ಹಳದಿ-ಕೆಂಪು ಇಲ್ಲಿ ಯಾವುದೋ ಊರಿನ ತಂಡದ ಬಣ್ಣ, ಅದನ್ನು ಕಂಡರೆ ಎದುರಾಳಿ ತಂಡದವರು ಕೆರಳುತ್ತಾರೆ ಎಂಬುದೂ ಗೊತ್ತಿರಲಿಲ್ಲ.

ಮುಸ್ಸಂಜೆಯ ಹೊತ್ತು. ಸಣ್ಣ ಸ್ಟೇಷನ್ನೊಂದರಲ್ಲಿ ಹತ್ತು ಹನ್ನೆರಡು ಗಂಡಸರು ಬಿಯರ್ ಬಾಟಲಿ ಹಿಡಿದು ಕೂಗುತ್ತ ನುಗ್ಗಿದರು. ಕೂತಿದ್ದ ಜನ ಮೆಲ್ಲಗೆ ಎದ್ದು ಮುಂದಿನ ಬೋಗಿಗೆ ಜಾರಿಕೊಂಡರು. ನಾವಿಬ್ಬರೂ ಕೊನೆಯ ಬೋಗಿಯ ತುದಿಯಲ್ಲಿ ಎದುರುಬದುರು ನಿಂತಿದ್ದೆವು. ನನ್ನ ಹಿಂದೆ ಸೈಕಲ್ ನಿಲ್ಲಿಸುವ ಖಾಲಿ ಜಾಗ, ಅದರಾಚೆ ಗೋಡೆ. ನನ್ನನ್ನು ದಾಟದೆ ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ.

ಅವರಲ್ಲೊಬ್ಬ ಹುಡುಗ ನೇರ ಬಂದು ಮಫ್ಲರ್ ಹಿಡಿದು ಬಿಗಿದ. ಉಸಿರು ಸಿಕ್ಕಿಕೊಂಡಿತು. ಇನ್ನೊಬ್ಬ ಬಾಟಲಿ ಎತ್ತಿದ. ಇವತ್ತಿಗೆ ನನ್ನ ಕತೆ ಮುಗಿಯಿತು, ಅಮ್ಮನಿಗೆ ಯಾರು ಫೋನ್ ಮಾಡುತ್ತಾರೋ ಅನ್ನಿಸಿತು. ಆಗ ನರೆತ ಮೀಸೆಯ ಅವರ ಹಿರಿಯ ಎಲ್ಲರನ್ನೂ ಸರಿಸಿ ಮುಂದೆ ಬಂದ. ಮಫ್ಲರ್ ನೋಡಿದ. ಆಮೇಲೆ ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡಿದ.

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ನನ್ನ ಅರೆಬರೆ ಜರ್ಮನ್‌ಗೂ ತಿಳಿಯುವಷ್ಟು ಸರಳವಾಗಿ, "ನಾವು ಬೇಕೂಂತ ಮಾಡ್ಲಿಲ್ಲ" ಎಂದ. ಅದು ನನಗೆ ಹೇಳಿದ್ದಲ್ಲ. ನನ್ನನ್ನು ಹಿಡಿದಿದ್ದ ಹುಡುಗನೂ ಅತ್ತ ನೋಡಿ ಕೈಬಿಟ್ಟ. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಅಷ್ಟೂ ಜನ ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಇಳಿದುಹೋದರು.

ನಾನು ಹಿಂತಿರುಗಬೇಕೆನ್ನುವಷ್ಟರಲ್ಲಿ ರಘು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. "ತಿರುಗ್ಬ್ಯಾಡ ಮಗಾ. ನನ್ನ ಮುಖ ನೋಡು. ನನ್ನ ಮುಖಾನೇ ನೋಡ್ತಾ ಇರು." ಅವನ ಅಂಗೈ ಮಂಜುಗಡ್ಡೆಯಂತಿತ್ತು. ಹಾಗೇ ನನ್ನ ಕುತ್ತಿಗೆಯಿಂದ ಮಫ್ಲರ್ ಬಿಚ್ಚಿ ಹಿಂದಕ್ಕೆಸೆದು, ಕೈಹಿಡಿದು ಎಳೆದುಕೊಂಡೇ ಇಳಿದ.

ಏನು ನೋಡಿದೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತ್ ಬಡಿಸುವಾಗ ಗೋಡೆಗೆ ಬೆನ್ನು ಕೊಟ್ಟೇ ನಿಂತಿದ್ದ. ತಿಂಗಳೊಳಗೆ ಕೆಲಸ ಬಿಟ್ಟು ಊರಿಗೇ ಹೊರಟ. ವಿಮಾನ ನಿಲ್ದಾಣದಲ್ಲಿ ತಬ್ಬಿಕೊಂಡು ಅತ್ತೆವು.

ನಾನು ಇಲ್ಲೇ ಉಳಿದೆ. ಹಿಂದೆ ಎಂದೋ ರೈಲಿನ ಆ ಗುಂಪಿನವರ ಕೈಯಲ್ಲಿ ಸತ್ತ ಯಾವನೋ ಪುಣ್ಯಾತ್ಮ, ತನ್ನ ಮಫ್ಲರ್ ಹಾಕಿಕೊಂಡವನೆಂದು ನನ್ನನ್ನು ಕಾಪಾಡಿದ ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಅಪ್ಪನ ಎಡೆಯ ಪಕ್ಕದಲ್ಲಿ, ಹೆಸರು ಗೊತ್ತಿಲ್ಲದ ಅವನಿಗೂ ಒಂದು ಎಲೆ ಹಾಕುತ್ತೇನೆ. ವಡೆ, ಪಾಯಸ, ಜೊತೆಗೊಂದು ಲೋಟ ಬಿಯರ್. ಸತ್ತವರಿಗೆ ಪ್ರಿಯವಾದದ್ದನ್ನೇ ಇಡಬೇಕಲ್ಲ! ಹೆಂಡತಿ ನಗುತ್ತಾಳೆ.

ಮೊನ್ನೆ ರಘು ಫೋನ್ ಮಾಡಿದ್ದ. ಮಾತಿನ ನಡುವೆ ಈ ಎಡೆಯ ವಿಷಯ ಹೇಳಿದೆ. ಅವನೂ ನಗುತ್ತಾನೆಂದುಕೊಂಡಿದ್ದೆ.

"ವರ್ಷಾ ವರ್ಷಾ ಕರೀತಿದ್ದೀಯೇನೋ ಅವನ್ನ?" ಎಂದ. "ಅವತ್ತು ರೈಲಲ್ಲಿ ನಿನ್ನ ಹಿಂದೆ ನಿಂತಿದ್ದೋನು ಅವರ ಕಡೆ ನೋಡ್ತಿರ್ಲಿಲ್ಲ ಕಣೋ. ನಿನ್ನನ್ನೇ ನೋಡ್ತಿದ್ದ."

ಇನ್ನು ಹತ್ತಿರದಲ್ಲೇ ಅಮಾವಾಸ್ಯೆ. ಎಡೆ ಇಡುವುದಕ್ಕೆ ಭಯವಾಗುತ್ತಿದೆ. ಇಡದೆ ಇರುವುದಕ್ಕೆ ಇನ್ನೂ ಭಯವಾಗುತ್ತಿದೆ.