ಗಾಜಿನ ಗೂಡಿನ ಅಕ್ಕ

ಫೋಟೋಗಳಿಗೆ ಬಣ್ಣ ಹಚ್ಚುತ್ತಿದ್ದ ಆ ಹೆಂಗಸನ್ನು ನಮ್ಮ ಬೀದಿಯವರೆಲ್ಲ ಬಣ್ಣದಕ್ಕ ಎನ್ನುತ್ತಿದ್ದರು. ಅದು ಕಪ್ಪು-ಬಿಳುಪಿನ ಕಾಲ. ಸ್ಟುಡಿಯೋದ ಹಿಂಕೋಣೆಯಲ್ಲಿ ಕೂತು, ಕೂದಲೆಳೆಯಂಥ ಕುಂಚದಿಂದ ಕೆನ್ನೆಗೆ ಕೆಂಪು, ತುಟಿಗೆ ರಂಗು ಕೊಡುತ್ತಿದ್ದಳು. ಪಕ್ಕದಲ್ಲೊಂದು ಕೈಗನ್ನಡಿ. ಹುಬ್ಬು ಎಲ್ಲಿ ತೆಳುವಾಗಬೇಕು, ತುಟಿ ಎಲ್ಲಿ ಮಡಿಯಬೇಕು ಎಂದು ಅನುಮಾನ ಬಂದರೆ ತನ್ನದೇ ಮುಖ ನೋಡಿಕೊಂಡು ಕುಂಚ ಇಡುವುದು ಅವಳ ಪದ್ಧತಿ. ಪಕ್ಕದ ಅಂಗಡಿಯಲ್ಲಿ ಚೌಕಟ್ಟು ಕಟ್ಟುತ್ತಿದ್ದವನು ನಾನು. ಅವಳ ಕೈಯಿಂದ ಬಂದ ಚಿತ್ರಕ್ಕೆ ಗಾಜು ಹಾಕುವಾಗ ಉಸಿರು ಬಿಗಿಹಿಡಿಯುತ್ತಿದ್ದೆ.

ಅವಳ ಅಕ್ಕನದೆಂದು ಇದ್ದದ್ದು ಒಂದೇ ಫೋಟೋ. ಅದೂ ಸ್ಟುಡಿಯೋದ ಬೀದಿಬದಿಯ ಗಾಜಿನ ಗೂಡಿನಲ್ಲಿ. ಬಿಸಿಲಿಗೆ ಮಾಸಿದಾಗಲೆಲ್ಲ ಬಣ್ಣದಕ್ಕ ಅಕ್ಕನನ್ನು ಎದುರು ಕೂರಿಸಿಕೊಂಡು ಅದನ್ನು ತಿದ್ದುತ್ತಿದ್ದಳು. ಅಕ್ಕ ಹಸುಗೂಸನ್ನು ಬಿಟ್ಟು ತೀರಿಕೊಂಡಳು. ಆಮೇಲೆ ತಿದ್ದುವುದಕ್ಕೆ ಕನ್ನಡಿಯೇ ಗತಿಯಾಯಿತು. ಫೋಟೋ ಕೊಡಿ ಎಂದು ಎಷ್ಟು ಗೋಗರೆದರೂ ಯಜಮಾನ, "ಅದನ್ನ ತೆಗೆದ್ರೆ ಅಂಗಡಿಗೆ ಕಳೆ ಎಲ್ಲಿರುತ್ತಮ್ಮ?" ಎಂದುಬಿಡುತ್ತಿದ್ದ. ಕೂಸು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಸ್ಟುಡಿಯೋ ಮುಚ್ಚಿತು. ಫೋಟೋಗಳೆಲ್ಲ ಪೆಟ್ಟಿಗೆ ಸೇರಿದವು.

ಮದುವೆಯ ಗೋಜಿಗೇ ಹೋಗದೆ ಬಣ್ಣದಕ್ಕ ಆ ಕೂಸನ್ನು ಸಾಕಿದಳು. ಹುಡುಗಿ ದೊಡ್ಡವಳಾಗಿ ಆಸ್ಪತ್ರೆಯಲ್ಲಿ ನರ್ಸ್ ಆದಳು. "ಚಿಕ್ಕಮ್ಮ, ನಾನು ಅಮ್ಮನ ಥರ ಇದೀನಾ?" ಎಂದು ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ: "ಆ ಫೋಟೋ ಒಂದು ಸಿಗ್ಲಿ ತಾಳು. ಹೇಗೆ ಉಳಿಸಿದೀನಿ ಅಂತ ನೋಡುವೆಯಂತೆ."

ಯಜಮಾನನ ಮಗ ಪೆಟ್ಟಿಗೆಗಳನ್ನು ಮ್ಯೂಸಿಯಮ್ಮಿಗೆ ಕೊಟ್ಟ ಸುದ್ದಿ ಬಂತು. ಅಲ್ಲಿ ಕಲೆ, ಇತಿಹಾಸದ ಸಂಜೆಯಂತೆ, ಟಿಕೆಟ್ ಇಲ್ಲದೆ ಊರವರೆಲ್ಲ ಬರಬಹುದಂತೆ. ಮೂವರೂ ಹೊರಟೆವು.

"ಏನಯ್ಯ ಚೌಕಟ್ಟು, ಬಿಟ್ಟಿ ಅಂದ್ರೆ ನೀನೇ ಮುಂದೆ," ಎಂದು ಬಣ್ಣದಕ್ಕ ಬಾಗಿಲಲ್ಲಿ ನನ್ನನ್ನು ಛೇಡಿಸಿದಳು. ಅವಳನ್ನು ಅಷ್ಟು ಹಗುರಾಗಿ ನಾನು ಕಂಡಿದ್ದು ಅಂದೇ ಕೊನೆ.

ಒಳಗೆ ಒಂದು ಕಡೆ ಪಿಟೀಲು, ಇನ್ನೊಂದು ಕಡೆ ಭಾಷಣ. ಫೋಟೋಗಳ ಗೋಡೆಯ ಬಳಿ ನಿಂತಿದ್ದ ಮ್ಯೂಸಿಯಮ್ಮಿನ ಹೆಣ್ಣುಮಗಳು ಬಣ್ಣದಕ್ಕನನ್ನು ಕಂಡದ್ದೇ ಕೈ ಹಿಡಿದುಕೊಂಡಳು. "ನೀವೇ ಅಲ್ವಾ ಅಮ್ಮ? ಫೋಟೋ ನೋಡಿದವರು ಯಾರಾದ್ರೂ ಗುರುತು ಹಿಡೀತಾರೆ ಬಿಡಿ." ಚಿತ್ರದ ಕೆಳಗೆ ಬರೆದಿತ್ತು: ಸ್ಟುಡಿಯೋದ ಬಣ್ಣಗಾರ್ತಿ, ತನ್ನ ಕೈಯಾರೆ ತಿದ್ದಿದ ತನ್ನದೇ ಚಿತ್ರ.

"ನಾನಲ್ಲ. ನಮ್ಮಕ್ಕ," ಎಂದಳು ಬಣ್ಣದಕ್ಕ.

"ಯಜಮಾನರ ಮಗ ನೋಡ್ತಿದ್ದ ಹಾಗೇ ನಿಮ್ಮ ಹೆಸರು ಹೇಳಿದ್ರಲ್ಲಮ್ಮ."

"ಇವನನ್ನ ಕೇಳಿ. ಚೌಕಟ್ಟು ಕಟ್ಟಿದೋನು ಇವನೇ."

ಸಾಕ್ಷಿ ಹೇಳಲು ಬಾಯಿ ತೆರೆದೆ. ಚಿತ್ರ ನೋಡಿ ಮುಚ್ಚಿದೆ. ಅಡಿಯ ಫೋಟೋವನ್ನು ಬಿಸಿಲು ಎಂದೋ ನೆಕ್ಕಿ ಹಾಕಿತ್ತು. ಉಳಿದದ್ದು ಮೇಲಿನ ಬಣ್ಣ ಮಾತ್ರ. ಆ ಹುಬ್ಬು ಬಣ್ಣದಕ್ಕನದು. ತುಟಿಯೂ ಅವಳದೇ. ಬೇಸಿಗೆ ಬೇಸಿಗೆಗೂ ಒಂದೊಂದು ಪದರ ಮೆತ್ತಿ ಅಕ್ಕನನ್ನು ತಾನೇ ಒರೆಸಿಬಿಟ್ಟಿದ್ದಳು.

ನರ್ಸ್ ಹುಡುಗಿ ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. "ಇದು ನೀನೇ ಚಿಕ್ಕಮ್ಮ. ಮನೇಲಿ ದಿನಾ ನೋಡೋ ಮುಖ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವಳೇ ಮತ್ತೆ ಮಾತು ತೆಗೆದಳು. "ಹೋಗ್ಲಿ, ಬಾಯಲ್ಲಾದ್ರೂ ಹೇಳು. ಅಮ್ಮನ ಮೂಗು ಹೇಗಿತ್ತು?"

ಬಣ್ಣದಕ್ಕ ಕಣ್ಣು ಮುಚ್ಚಿದಳು. ಕುಂಚ ಹಿಡಿದ ಹಾಗೆ ಬೆರಳು ಗಾಳಿಯಲ್ಲಿ ಹುಬ್ಬು ತಿದ್ದಿತು, ಮೂಗಿಗೆ ಇಳಿಯಿತು, ಅಲ್ಲೇ ನಿಂತಿತು.

"ಅದೇ ಬರ್ತಿದೆ ಕಣೇ," ಎಂದಳು. "ಗೋಡೆ ಮೇಲಿರೋದೇ."

ಚಿಕ್ಕಮ್ಮನ ಕೈ ಹಿಡಿದು ಮೆಟ್ಟಿಲಿಳಿಸುವುದು ಹುಡುಗಿಯ ರೂಢಿ. ಅಂದು ಒಬ್ಬಳೇ ಇಳಿದು ಬಸ್ಸಿನ ಕಡೆ ನಡೆದಳು.